ಫೋಕ್ಸ್‌ವ್ಯಾಗನ್ ಪೋಲೋ ಜಿಟಿ: ಹಳೆಯ 1.2 ಎಂಜಿನ್ನೇ ಮೇಲೇ? ಪರ–ವಿರೋಧ

ಪರ

ಹಾಟ್ ಹ್ಯಾಚ್‌ಗಳಲ್ಲಿ, ಅಂದರೆ ಚುರುಕಾಗಿ ಓಡುವ ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ, ಹಳೆಯ ತಲೆಮಾರನ್ನೂ ಹೊಸದನ್ನೂ ತೂಗಿ ನೋಡುವುದು ಸುಲಭವಲ್ಲ, ಏಕೆಂದರೆ ಹೊಸದು ಬರುವಷ್ಟರಲ್ಲಿ ಕಾರಿನ ಮೈ, ತೂಕ, ಟೈರು ಎಲ್ಲವೂ ಬದಲಾಗಿರುತ್ತವೆ. ಇದೇ ಕಂಪನಿಯ 1976ರ ಮೊದಲ ಗಾಲ್ಫ್ ಜಿಟಿಐ 110 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯದು. 2025ರಲ್ಲಿ ಭಾರತಕ್ಕೆ ಬಂದದ್ದು 265 ಪಿಎಸ್ ಶಕ್ತಿಯದು. ಪೋಲೋ ವಿಷಯದಲ್ಲಿ ಈ ತೊಡಕಿಲ್ಲ. 2010ರಲ್ಲಿ ಇಲ್ಲಿಗೆ ಬಂದ ಮೈಕಟ್ಟೇ 2022ರಲ್ಲಿ ತಯಾರಿಕೆ ನಿಲ್ಲುವವರೆಗೂ ಉಳಿಯಿತು. 2013ರ ಜಿಟಿ ಟಿಎಸ್‌ಐನಲ್ಲಿ (ಪೋಲೋದ ಟರ್ಬೋ ಪೆಟ್ರೋಲ್ ಮಾದರಿ) ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಇದ್ದವು. 2020ರಲ್ಲಿ ಬಿಎಸ್-6 ಹೊಗೆ ನಿಯಮದೊಂದಿಗೆ ಮೂರು ಸಿಲಿಂಡರಿನ 1.0 ಲೀಟರ್ ಎಂಜಿನ್, 110 ಪಿಎಸ್, ಆರು ಗೇರು ಬಂದವು. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎರಡಕ್ಕೂ 175 ಎನ್‌ಎಂ. ಐದು ಪಿಎಸ್ ಹೆಚ್ಚಿದೆಯೆಂದು ಹೊಸದನ್ನು ಹೊಗಳುವವರು ಆ ಶಕ್ತಿ ಎಷ್ಟು ಸಿಲಿಂಡರುಗಳಿಂದ ಬರುತ್ತಿದೆ ಎಂದು ಕೇಳುವುದೇ ಇಲ್ಲ.

2014ರಿಂದ ಹಳೆಯದನ್ನು ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆಯೇ ಮುಖ್ಯ. ಒಮ್ಮೆ ಗೆಳೆಯರೊಬ್ಬರ 1.0 ಪೋಲೋದಲ್ಲಿ ಕುಳಿತು ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತಿದ್ದೆವು. ಗೇರಿನ ಪಕ್ಕದಲ್ಲಿಟ್ಟಿದ್ದ ಬಾಟಲಿಯ ನೀರು ಸಣ್ಣಗೆ ಅದುರುತ್ತಲೇ ಇತ್ತು. ಅದು ಕಾರಿನ ದೋಷವಲ್ಲ, ಮೂರು ಸಿಲಿಂಡರಿನ ಸ್ವಭಾವ. ನಾಲ್ಕರಲ್ಲಿ ಎರಡು ಪಿಸ್ಟನ್‌ಗಳು ಮೇಲೇರುವಾಗ ಎರಡು ಕೆಳಗಿಳಿದು ಒಂದನ್ನೊಂದು ಸರಿದೂಗಿಸುತ್ತವೆ. ಮೂರರಲ್ಲಿ ಆ ಜೋಡಿ ಕೂಡುವುದಿಲ್ಲ.

ನಮ್ಮ ಊರು ಬೆಳ್ತಂಗಡಿಯ ಕಡೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಹಾಸನ, ಬೇಲೂರು ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತೇನೆ, ಮರಳುವಾಗ ಅದನ್ನೇ ಹತ್ತುತ್ತೇನೆ. ಹತ್ತುವಾಗಲೇ ಈ ಕಾರಿನ ಗುಣ ತಿಳಿಯುವುದು. ಡಿಎಸ್‌ಜಿಯಲ್ಲಿ ಬೆಸ ಗೇರುಗಳಿಗೆ ಒಂದು ಕ್ಲಚ್, ಸರಿ ಗೇರುಗಳಿಗೆ ಇನ್ನೊಂದು. ಎರಡನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಮೂರನೆಯದು ಸಿದ್ಧವಾಗಿ ಕಾದಿರುತ್ತದೆ. ಹಾಗಾಗಿ ಹೇರ್‌ಪಿನ್ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ಕಡಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಕೊಟ್ಟಿಗೆಹಾರದವರೆಗೂ ಮಂಜು ಮುಚ್ಚಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗ ಅಷ್ಟೂ ತಿರುವುಗಳಲ್ಲಿ ಒಮ್ಮೆಯೂ ಎಚ್ಚರಗೊಳ್ಳಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ನಾನೇ ಎಬ್ಬಿಸಬೇಕಾಯಿತು. ಇಷ್ಟು ವರ್ಷಗಳ ನಂತರವೂ ಆ ಘಾಟಿಯಲ್ಲಿ ನನ್ನ ಕಾರು ನನಗೆ ಕೊಡುವ ಸಂತೋಷ ಕಡಿಮೆಯಾಗಿಲ್ಲ.

ಟ್ರಾಫಿಕ್‌ನಲ್ಲಿ ಡಿಎಸ್‌ಜಿ ಬಿಸಿಯಾಗುತ್ತದೆ ಎಂಬ ಮಾತನ್ನು ಎಲ್ಲರೂ ಎತ್ತುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆಂದೇ ಕಾರು ಕೊಳ್ಳುವವರು ಹಾಟ್ ಹ್ಯಾಚ್ ಹುಡುಕಬೇಕಾಗಿಲ್ಲ. ನಾಲ್ಕು ಸಿಲಿಂಡರಿನ ಪೋಲೋ ಇನ್ನು ಮುಂದೆ ಯಾರಿಗೂ ಹೊಸದಾಗಿ ಸಿಗುವುದಿಲ್ಲ. ಇದ್ದವರು ಅದನ್ನು ಮಾರಬಾರದು.

ವಿರೋಧ

ಹೊಸ ಎಂಜಿನ್ನಿನ ಪರವಾಗಿ ಬರೆಯಬೇಕೆಂದು ಕೇಳಿದಾಗ, ನನ್ನ ಬಳಿ 2021ರ 1.0 ಆಟೋಮ್ಯಾಟಿಕ್ ಇರುವುದರಿಂದ ಒಪ್ಪಿದೆ. ಖಾಲಿ ಹೆದ್ದಾರಿಯಲ್ಲಿ ಹಳೆಯ ಎಂಜಿನ್ ಹೆಚ್ಚು ನಯವಾಗಿ ಓಡುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಬೆಂಗಳೂರಿನಲ್ಲಿ ಕಾರಿಟ್ಟುಕೊಂಡವರಿಗೆ ಖಾಲಿ ಹೆದ್ದಾರಿ ಸಿಗುವುದು ಅಪರೂಪ. ನನ್ನದು ದಿನವೂ ಬನಶಂಕರಿಯಿಂದ ಬೆಳ್ಳಂದೂರಿಗೆ ಹೋಗಿ ಬರುವ ಕಾರು. ಹಳೆಯ ಜಿಟಿಯಲ್ಲಿರುವುದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್‌ಗಳು. ಕಾರು ಇಂಚಿಂಚಾಗಿ ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಜಾರುತ್ತ ಬಿಸಿಯೇರುತ್ತವೆ. 1.0 ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇದೆ. ಅಲ್ಲಿ ಎಂಜಿನ್ನಿನ ಬಲ ದ್ರವದ ಮೂಲಕ ದಾಟುವುದರಿಂದ ತೆವಳುವುದು ಅದಕ್ಕೆ ಭಾರವಲ್ಲ.

ಎರಡು ವರ್ಷಗಳ ಹಿಂದೆ ಅಮ್ಮನಿಗೆ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಕರೆತರುವ ದಿನ ಸಂಜೆ ನಾಲ್ಕಕ್ಕೇ ಮಳೆ ಹಿಡಿದು, ರಿಂಗ್ ರಸ್ತೆಯ ಅಂಡರ್‌ಪಾಸ್‌ನಲ್ಲಿ ನೀರು ನಿಂತು, ಇಪ್ಪತ್ತು ನಿಮಿಷದ ದಾರಿಗೆ ಎರಡು ಗಂಟೆ ಹಿಡಿಯಿತು. ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿ, ಕಾಲಿನ ಕೆಳಗೆ ದಿಂಬಿಟ್ಟಿದ್ದೆ. ಸಣ್ಣ ಕುಲುಕಿಗೂ ಅಮ್ಮ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ನಾನು ಬ್ರೇಕ್ ಮೇಲಿನ ಕಾಲನ್ನು ಸಡಿಲಿಸುವುದು, ಕಾರು ಒಂದು ಮೊಳ ಮುಂದೆ ಸರಿಯುವುದು, ಮತ್ತೆ ಬ್ರೇಕ್ ಒತ್ತುವುದು, ಹೀಗೆಯೇ ಎರಡು ಗಂಟೆ. ಅರ್ಧ ದಾರಿಯಲ್ಲಿ ಆ ಕೈ ತಾನಾಗಿಯೇ ಹಿಡಿ ಬಿಟ್ಟು ಮಡಿಲಿಗೆ ಬಂತು, ಅಮ್ಮನಿಗೆ ನಿದ್ದೆ ಹತ್ತಿತ್ತು. ಅಂದು ನನಗೆ ಎಷ್ಟು ಸಿಲಿಂಡರ್ ಎಂಬುದು ನೆನಪಾಗಲೂ ಇಲ್ಲ.

ಹಳೆಯದನ್ನು ಮೆಚ್ಚುವವರು ಮೆಚ್ಚುವುದು ಹೆಚ್ಚಾಗಿ ತಮ್ಮ ಹಳೆಯ ಪ್ರಯಾಣಗಳನ್ನು ಎಂದು ನನಗನ್ನಿಸುತ್ತದೆ. ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಲೆಕ್ಕ ಬೇರೆ. 2013ರಲ್ಲಿ ನೋಂದಣಿಯಾದ ಕಾರಿಗೆ 2028ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಆಗ ಎಫ್‌ಸಿ (ಕಾರು ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನೋಂದಣಿ ನವೀಕರಿಸಬೇಕು. ನನ್ನ ಕಾರಿಗೆ ಅದು 2036ರ ಮಾತು.