ಬಸ್ಟರ್ ಕೀಟನ್‌ನ ಮುಖದಲ್ಲಿರುವುದು ದುಃಖವಲ್ಲ

ಮೂಕಿ ಚಿತ್ರಗಳ ಕಾಲದ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ಒಂದು ರೀಲ್ಸ್ ಆಗಾಗ ನನ್ನ ಫೋನಿಗೆ ಬರುತ್ತಿರುತ್ತದೆ. ಬಿರುಗಾಳಿ ಬೀಸುತ್ತಿದೆ. ಮರದ ಮನೆಯೊಂದರ ಮುಂಗೋಡೆ ಇಡಿಯಾಗಿ ಕಳಚಿ ಅವನ ಮೇಲೆ ಬೀಳುತ್ತದೆ. ಮಹಡಿಯ ಕಿಟಕಿಯ ಖಾಲಿ ಜಾಗ ಸರಿಯಾಗಿ ಅವನು ನಿಂತಲ್ಲಿಗೇ ಬಂದು, ಅವನು ಕೂದಲೆಳೆಯಲ್ಲಿ ಉಳಿಯುತ್ತಾನೆ. ಯಾರೋ ಅದಕ್ಕೆ ಅಳುವ ಪಿಟೀಲು ಸೇರಿಸಿ, ‘ಲೋಕವನ್ನೆಲ್ಲ ನಗಿಸಿದವನು ತಾನು ಮಾತ್ರ ನಗಲೇ ಇಲ್ಲ’ ಎಂದು ಬರೆದಿರುತ್ತಾರೆ. ಕೆಳಗೆ ಸಾಲುಸಾಲು ಕಣ್ಣೀರಿನ ಎಮೋಜಿ. ಕುಡುಕ ಅಪ್ಪ, ಏಟು ತಿಂದ ಬಾಲ್ಯ, ಅದಕ್ಕೇ ಆ ಮುಖ ಕಲ್ಲಾಯಿತು ಅಂತ ಒಂದೆರಡು ಕಾಮೆಂಟು.

ಹಾಕುವವರಿಗೆ ಅವನ ಮೇಲೆ ಪ್ರೀತಿಯೇ ಇರುತ್ತದೆ, ಗೊತ್ತು. ಆದರೂ ನನಗೆ ಇದು ನೋವು ಕೊಡುತ್ತದೆ. ಒಬ್ಬ ಮನುಷ್ಯ ಹದಿನೇಳು ವರ್ಷ ಮೈಮುರಿದು ಕಲಿತ ವಿದ್ಯೆಯನ್ನು ನಾವು ‘ಅಯ್ಯೋ ಪಾಪ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಮುಖ ದುಃಖದಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು ಎಂದು ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಾನು ಕೀಟನ್‌ನನ್ನು ಮೊದಲು ನೋಡಿದ್ದು ಅಮ್ಮನಿಗೋಸ್ಕರ. ಅಮ್ಮನಿಗೆ 78. ಐದಾರು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಮಷಿನ್ ಹಾಕಿದರೆ ಗುಂಯ್ ಅನ್ನುತ್ತದೆ ಎಂದು ತೆಗೆದು ಡಬ್ಬಿಯಲ್ಲಿಡುತ್ತಾರೆ. ಮನೆಯವರೆಲ್ಲ ಧಾರಾವಾಹಿ ನೋಡಿ ನಕ್ಕಾಗ, ಅವರೂ ಒಂದು ಕ್ಷಣ ತಡವಾಗಿ ನಕ್ಕು, ಆಮೇಲೆ ಮೆಲ್ಲಗೆ ‘ಏನಂದ್ಲು?’ ಅಂತ ನನ್ನನ್ನು ಕೇಳುತ್ತಿದ್ದರು. ಆ ತಡವಾದ ನಗುವನ್ನು ನೋಡಲಾಗದೆ ಒಂದು ಭಾನುವಾರ ಟಿವಿಗೆ ಯೂಟ್ಯೂಬ್ ಹಾಕಿ ಮೂಕಿ ಚಿತ್ರ ಹುಡುಕಿದೆ. ಸಿಕ್ಕಿದ್ದು ‘ದಿ ಬುಚರ್ ಬಾಯ್’. 1917ರದು. ಕೀಟನ್ ಕ್ಯಾಮೆರಾದ ಮುಂದೆ ನಿಂತ ಮೊದಲ ಚಿತ್ರ ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅಂಗಡಿಯ ದೃಶ್ಯ. ಹೀರೋ ರಾಸ್ಕೋ ಆರ್ಬಕಲ್, ದಪ್ಪ ದೇಹದ, ಆ ಕಾಲಕ್ಕೆ ಬಲು ದೊಡ್ಡ ಹಾಸ್ಯನಟ. ಚಪ್ಪಟೆ ಟೋಪಿ ಹಾಕಿದ ಒಬ್ಬ ಸಣಕಲ ಹುಡುಗ ಒಳಗೆ ಬಂದು ಪೊರಕೆಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾನೆ. ಆಮೇಲೆ ಕಾಕಂಬಿ ಕೊಳ್ಳಲು ಡಬ್ಬ ಕೊಡುತ್ತಾನೆ. ಕಾಸನ್ನು ಡಬ್ಬದೊಳಗೇ ಹಾಕಿರುತ್ತಾನೆ. ಆರ್ಬಕಲ್ ನೋಡದೆ ಕಾಕಂಬಿ ತುಂಬಿಸಿ, ದುಡ್ಡು ಎಲ್ಲಿ ಅಂತಾನೆ. ಡಬ್ಬದಲ್ಲಿದೆ. ಸರಿ, ಕಾಸು ತೆಗೆಯಬೇಕಲ್ಲ, ಕಾಕಂಬಿಯನ್ನು ಹುಡುಗನ ಟೋಪಿಗೇ ಸುರಿಯುತ್ತಾನೆ. ಹುಡುಗ ಅದು ತಿಳಿಯದೆ ಟೋಪಿ ಹಾಕಿಕೊಳ್ಳುತ್ತಾನೆ. ಟೋಪಿ ತಲೆಗೆ ಅಂಟುತ್ತದೆ, ನೆಲಕ್ಕೆ ಚೆಲ್ಲಿದ್ದು ಕಾಲಿಗೆ ಅಂಟುತ್ತದೆ.

ಅಮ್ಮ ಹುಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಮನೆಯ ಹಿಂದೆಯೇ ಆಲೆಮನೆ. ಕೊಪ್ಪರಿಗೆಯ ಪಾಕ ಕಾಲಿಗೆ ಅಂಟಿದರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತು, ‘ಬಿಸಿನೀರು ಹುಯ್ಯಿ ಅನ್ನೇ ಅವನಿಗೆ, ಇಲ್ದಿದ್ರೆ ಬುಡಕಿಲ್ಲ ಅದು’ ಅಂದರು. ಸ್ವಲ್ಪ ಹೊತ್ತಿಗೆ ಆರ್ಬಕಲ್ ಕೆಟಲ್ ತಂದು ಆ ಹುಡುಗನ ಕಾಲ ಮೇಲೆ ಬಿಸಿನೀರನ್ನೇ ಸುರಿದ. ಅಮ್ಮ ನಕ್ಕರು ನೋಡಿ! ಅವತ್ತು ನಮ್ಮೆಲ್ಲರಿಗಿಂತ ಮೊದಲು ನಕ್ಕವರು ಅವರು.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಆ ಸಣಕಲ ಹುಡುಗ ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಕ್ವಾ ಅನ್ನುವ ಸಣ್ಣ ಊರಿನಲ್ಲಿ. ಅದು ಅವರ ಊರೇನೂ ಅಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗಿ ಆಟ ತೋರಿಸಿ ಔಷಧಿ ಮಾರುವ ಕಂಪನಿಯಲ್ಲಿದ್ದರು. ಕಂಪನಿ ಪಿಕ್ವಾದಲ್ಲಿ ಬೀಡುಬಿಟ್ಟಾಗ ಹೆರಿಗೆಯಾಯಿತು, ಅಷ್ಟೇ. ಇಟ್ಟ ಹೆಸರು ಜೋಸೆಫ್. ಕೂಸಾಗಿದ್ದಾಗ ಮೆಟ್ಟಿಲಿನಿಂದ ಉರುಳಿ ಬಿದ್ದೂ ಏನೂ ಆಗದೆ ಎದ್ದು ಕೂತದ್ದಕ್ಕೆ ‘ಬಸ್ಟರ್’ ಎಂಬ ಹೆಸರು ಬಂತಂತೆ. ಆಗಿನ ರಂಗಭೂಮಿಯವರ ಬಾಯಲ್ಲಿ ಬಸ್ಟರ್ ಅಂದರೆ ಜೋರಾಗಿ ಬೀಳುವುದು. ಹೆಸರಿಟ್ಟವನು ಜಾದೂಗಾರ ಹುಡಿನಿ ಎಂದು ಮನೆಯವರು ಹೇಳಿಕೊಂಡು ಬಂದರು. ಹುಡಿನಿಯೋ ಇನ್ಯಾರೋ, ಹೆಸರಂತೂ ಅವನಿಗೆ ಒಪ್ಪಿತು.

ಐದು ವರ್ಷ ತುಂಬುವ ಹೊತ್ತಿಗೆ, 1900ರಲ್ಲಿ, ಹುಡುಗ ರಂಗದ ಮೇಲಿದ್ದ. ಆಟದ ಹೆಸರು ‘ದಿ ತ್ರೀ ಕೀಟನ್ಸ್’. ವಾಡ್ವಿಲ್ ಅಂತ ಕರೆಯುತ್ತಿದ್ದ ಆ ಪ್ರದರ್ಶನಗಳಲ್ಲಿ ಹಾಡು, ಕುಣಿತ, ಜಾದೂ, ದೊಂಬರಾಟ ಎಲ್ಲ ಒಂದಾದ ಮೇಲೊಂದು ಬರುತ್ತಿದ್ದವು. ಕೀಟನ್ ಕುಟುಂಬದ ಪಾಲಿನ ಆಟ ಏನೆಂದರೆ, ಹುಡುಗ ಅಪ್ಪನ ಮಾತು ಕೇಳುವುದಿಲ್ಲ, ಅಪ್ಪ ಅವನನ್ನು ಎತ್ತಿ ಎಸೆಯುತ್ತಾನೆ. ಪರದೆಯ ಮೇಲಕ್ಕೆ, ವಾದ್ಯದವರು ಕೂರುವ ಗುಂಡಿಗೆ, ಒಮ್ಮೆ ಕೂಗಾಡುತ್ತಿದ್ದ ಪ್ರೇಕ್ಷಕರ ಮೇಲಕ್ಕೂ ಎಸೆದಿದ್ದ ಎಂದು ಕೀಟನ್ ಹೇಳಿಕೊಂಡಿದ್ದಾನೆ. ಎಸೆಯಲು ಅನುಕೂಲವಾಗಲಿ ಅಂತ ಅವನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದಿದ್ದರು.

ಆ ಹಿಡಿಕೆಯ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ. ಐದು ವರ್ಷದ ಮಗುವಿನ ಬೆನ್ನಿಗೆ ಹಿಡಿಕೆ. ಅದು ಸರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮಕ್ಕಳ ರಕ್ಷಣೆಯ ಸಂಘದವರು ಆ ಕಾಲದಲ್ಲೇ ಬೆನ್ನು ಹತ್ತಿದ್ದರು. ಅಧಿಕಾರಿಗಳು ಹುಡುಗನ ಬಟ್ಟೆ ಬಿಚ್ಚಿಸಿ ಬಾಸುಂಡೆ ಇದೆಯೇ ಅಂತ ಹುಡುಕಿದರು, ಒಂದೂ ಸಿಗಲಿಲ್ಲ ಎನ್ನುತ್ತಾನೆ ಅವನು. ಮಕ್ಕಳು ಹಗ್ಗದ ಮೇಲೆ ನಡೆಯಬಾರದು, ಲಾಗ ಹಾಕಬಾರದು ಅಂತ ಕಾನೂನಿತ್ತು. ಅಪ್ಪ ಮಗನನ್ನು ಎಸೆಯಬಾರದು ಅಂತ ಅದರಲ್ಲಿ ಬರೆದಿರಲಿಲ್ಲವಂತೆ. ಶಾಲೆಯ ಮುಖ ನೋಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೋ ಕೀಟನ್ ಒಳ್ಳೆಯ ಅಪ್ಪ ಅಂತ ಸರ್ಟಿಫಿಕೇಟು ಕೊಡಲು ನಾನು ತಯಾರಿಲ್ಲ.

ಆದರೆ ಆ ಹುಡುಗ ಅಲ್ಲಿ ಸುಮ್ಮನೆ ಏಟು ತಿನ್ನುತ್ತಿರಲಿಲ್ಲ, ಕಲಿಯುತ್ತಿದ್ದ. ಬೀಳುವಾಗ ಮೈ ಬಿಗಿಹಿಡಿಯಬಾರದು, ಸಡಿಲ ಬಿಡಬೇಕು, ಕೈಯನ್ನೋ ಕಾಲನ್ನೋ ಮೊದಲು ನೆಲಕ್ಕೆ ತಾಗಿಸಿ ಪೆಟ್ಟನ್ನು ಮುರಿಯಬೇಕು, ಅದೊಂದು ಕೈಚಳಕ, ಚಿಕ್ಕಂದಿನಲ್ಲೇ ಶುರುಮಾಡಿದ್ದರಿಂದ ನನಗೆ ರೂಢಿಯಾಯಿತು, ಎಂಬರ್ಥದ ಮಾತನ್ನು ಅವನೇ ಆಡಿದ್ದಾನೆ. ಮುಖದ್ದೂ ಅಷ್ಟೇ. ಬಿದ್ದೆದ್ದು ತಾನೇ ನಕ್ಕರೆ ಜನ ನಗುವುದಿಲ್ಲ, ಗಂಭೀರವಾಗಿ ಎದ್ದು ನಿಂತರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹುಡುಗ ಇದನ್ನು ನೂರಾರು ಆಟಗಳಲ್ಲಿ ಕಣ್ಣಾರೆ ಕಂಡ. ಎಲ್ಲಾದರೂ ನಗು ಬಂದುಬಿಟ್ಟರೆ ಅಪ್ಪ ರಂಗದ ಮೇಲೆಯೇ ಹಲ್ಲುಕಚ್ಚಿ ‘ಮುಖ! ಮುಖ!’ ಅಂತ ಪಿಸುಗುಟ್ಟುತ್ತಿದ್ದ. ನಮ್ಮಲ್ಲಿ ಮೃದಂಗ ಕಲಿಯುವ ಮಗುವಿಗೆ ಗುರುಗಳು ‘ತಾಳ! ತಾಳ!’ ಅನ್ನುವುದಿಲ್ಲವೇ, ಹಾಗೆ. ಮುಖ ಅವನ ಪಾಲಿಗೆ ತಾಳ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅದೇ 1917ರ ‘ಕೋನಿ ಐಲೆಂಡ್’ ನೋಡಿ. ಅದರಲ್ಲಿ ಕೀಟನ್ ನಗುತ್ತಾನೆ. ಹಲ್ಲು ಬಿಟ್ಟು, ಮನಸಾರೆ. ಅಳುತ್ತಾನೆ ಕೂಡ. ಮುಖ ಕಲ್ಲಾಗಿದ್ದರೆ ಅದು ಹೇಗೆ ಸಾಧ್ಯ? ಅವನಿಗೆ ನಗಲು ಬರುತ್ತಿತ್ತು. ತನ್ನ ಪಾತ್ರಕ್ಕೆ ನಗು ಒಗ್ಗುವುದಿಲ್ಲ ಅಂತ ತಿಳಿದ ಮೇಲೆ ಬಿಟ್ಟ.

1917ರ ಹೊತ್ತಿಗೆ ಅಪ್ಪನ ಕುಡಿತ ಮಿತಿಮೀರಿತ್ತು. ಎಸೆಯುವವನ ಕೈ ನಡುಗತೊಡಗಿದರೆ ಎಸೆಸಿಕೊಳ್ಳುವವನ ಗತಿ ಏನು? ತಾಯಿ ಮಗ ಇಬ್ಬರೂ ಅಪ್ಪನನ್ನು ಬಿಟ್ಟು ಹೊರಟರು, ಆಟ ಮುರಿಯಿತು. ಹುಡುಗನಿಗೆ 21. ನ್ಯೂಯಾರ್ಕಿಗೆ ಬಂದವನಿಗೆ ದೊಡ್ಡ ನಾಟಕ ಸಂಸ್ಥೆಯೊಂದರಲ್ಲಿ ವಾರಕ್ಕೆ 250 ಡಾಲರಿನ ಕೆಲಸ ಗೊತ್ತಾಯಿತು. ಆ ಕಾಲಕ್ಕೆ ಅದು ಭಾರಿ ದುಡ್ಡು. ಅಷ್ಟರಲ್ಲಿ ಹಳೆಯ ಪರಿಚಯದವರೊಬ್ಬರು ಆರ್ಬಕಲ್‌ನ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಮೆರಾ. ಅದನ್ನು ಕೇಳಿ ಪಡೆದು ಕೋಣೆಗೆ ಒಯ್ದು, ರಾತ್ರಿಯೆಲ್ಲ ಬಿಚ್ಚಿ, ಮತ್ತೆ ಜೋಡಿಸಿ, ಬೆಳಿಗ್ಗೆ ವಾಪಸು ತಂದುಕೊಟ್ಟ ಎನ್ನುವ ಕಥೆಯಿದೆ. ಕಥೆಗೆ ಉಪ್ಪುಖಾರ ಸೇರಿರಬಹುದು, ಆದರೆ ಮುಂದೆ ನಡೆದದ್ದು ದಾಖಲೆಯಲ್ಲಿದೆ: 250 ಡಾಲರ್ ಬಿಟ್ಟು ವಾರಕ್ಕೆ 40 ಡಾಲರಿಗೆ ಸಿನಿಮಾಕ್ಕೆ ಸೇರಿದ. ಇದನ್ನು ಓದಿ ನಾನು ಅವನಿಗೆ ಸೋತುಹೋದೆ. ದುಃಖದಲ್ಲಿ ಮುಳುಗಿದವನು ಮಾಡುವ ಕೆಲಸವಲ್ಲ ಇದು. ಹೊಸ ಆಟಿಕೆ ಕಂಡ ಮಗು ಮಾಡುವ ಕೆಲಸ.

ಆರ್ಬಕಲ್ ಅವನಿಗೆ ಗುರುವೂ ಹೌದು, ಗೆಳೆಯನೂ ಹೌದು. ಮೂರು ವರ್ಷದಲ್ಲಿ ಇಬ್ಬರೂ ಸೇರಿ 14 ಕಿರುಚಿತ್ರ ಮಾಡಿದರು. ನಡುವೆ 1918ರಲ್ಲಿ ಕೀಟನ್‌ನನ್ನು ಸೈನ್ಯಕ್ಕೆ ಕರೆದರು, ಫ್ರಾನ್ಸಿಗೆ ಕಳಿಸಿದರು. ಅಲ್ಲಿ ಕಿವಿಗೆ ಸೋಂಕು ತಗುಲಿ, ಶ್ರವಣಶಕ್ತಿ ಕಾಯಂ ಆಗಿ ಕಡಿಮೆಯಾಯಿತು. ಈ ಸಂಗತಿಯನ್ನು ನಾನು ಅಮ್ಮನಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಓದಿ, ಸ್ವಲ್ಪ ಹೊತ್ತು ಟಿವಿಯಲ್ಲಿ ನಿಂತಿದ್ದ ಅವನ ಚಿತ್ರವನ್ನೇ ನೋಡಿ, ‘ಅದಕ್ಕೇ ಕಣೇ, ಅವನು ಎಲ್ಲಾನೂ ಅಷ್ಟು ದಿಟ್ಟಿಸಿ ನೋಡೋದು’ ಅಂದರು.

ಅಮ್ಮನ ಈ ಮಾತು ನಾನು ಓದಿದ ಯಾವ ಬರಹದಲ್ಲೂ ಇಲ್ಲ. ಅವನು ಕಿವಿ ಮಂದವಾಗುವ ಮೊದಲಿನಿಂದಲೂ ಹಾಗೇ ನೋಡುತ್ತಿದ್ದ, ಆ ಲೆಕ್ಕದಲ್ಲಿ ಅಮ್ಮನ ಕಾರಣ ತಪ್ಪು. ಆದರೆ ಅವರು ಕಂಡದ್ದು ಸರಿ. ಆ ಮುಖ ಯಾವಾಗಲೂ ಏನನ್ನೋ ನೋಡುತ್ತಿರುತ್ತದೆ, ಲೆಕ್ಕ ಹಾಕುತ್ತಿರುತ್ತದೆ. ಈ ಹಲಗೆ ಎಲ್ಲಿಗೆ ಬೀಳುತ್ತದೆ, ಈ ಗಾಡಿ ಯಾವಾಗ ಹೊರಡುತ್ತದೆ, ನಾನು ಎಲ್ಲಿ ನಿಲ್ಲಬೇಕು.

ರೀಲ್ಸಿನ ಆ ಗೋಡೆಯ ವಿಷಯಕ್ಕೇ ಬನ್ನಿ. ಅದು ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’, 1928ರದು. ಆ ಉಪಾಯ ಹುಟ್ಟಿದ್ದು ಅಂದಲ್ಲ. 1919ರ ‘ಬ್ಯಾಕ್ ಸ್ಟೇಜ್’ನಲ್ಲಿ ನಾಟಕದ ಹಗುರ ರಂಗಸಜ್ಜಿಕೆಯ ಗೋಡೆ ಆರ್ಬಕಲ್ ಮೇಲೆ ಬೀಳುತ್ತದೆ, ಕಿಟಕಿಯ ಕಂಡಿಯಲ್ಲಿ ಅವನು ಉಳಿಯುತ್ತಾನೆ. ಮರುವರ್ಷ ‘ಒನ್ ವೀಕ್’ನಲ್ಲಿ ಸ್ವಲ್ಪ ದೊಡ್ಡ ಗೋಡೆ, ಕೆಳಗೆ ಕೀಟನ್. ಎಂಟು ವರ್ಷದ ನಂತರ, ಎರಡು ಟನ್ ತೂಕದ್ದು ಎಂದು ಹೇಳಲಾಗುವ ಗೋಡೆ, ಕಿಟಕಿಗೂ ಅವನ ಭುಜಕ್ಕೂ ಇಂಚುಗಳ ಅಂತರ. ಒಂದೇ ರಾಗವನ್ನು ಹತ್ತು ವರ್ಷ ಹಾಡಿ ಹಾಡಿ ಬೆಳೆಸಿದ ಹಾಗೆ. ಇದರ ಹಿಂದೆ ಅಳುವ ಪಿಟೀಲು ಸೇರಿಸಿದರೆ ಆ ಹತ್ತು ವರ್ಷ ಎಲ್ಲಿ ಕಾಣಬೇಕು?

ನೋವೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. 1924ರ ‘ಷರ್ಲಾಕ್ ಜೂನಿಯರ್’ನಲ್ಲಿ ರೈಲಿನ ನೀರಿನ ಟ್ಯಾಂಕಿನಿಂದ ಧುಮ್ಮಿಕ್ಕಿದ ನೀರು ಅವನನ್ನು ಹಳಿಯ ಮೇಲೆ ಕೆಡವಿತು. ಕತ್ತಿನ ಮೂಳೆ ಮುರಿದಿತ್ತು ಅಂತ ಗೊತ್ತಾದದ್ದು ವರ್ಷಗಳ ನಂತರ, ಎಕ್ಸ್-ರೇ ತೆಗೆದಾಗ. ಮುಂದೆ ದೊಡ್ಡ ಕಂಪನಿಗೆ ಸೇರಿ ಸ್ವಾತಂತ್ರ್ಯ ಕಳೆದುಕೊಂಡ, ಅಪ್ಪನ ಹಾಗೆ ತಾನೂ ಕುಡಿತಕ್ಕೆ ಬಿದ್ದ, ಎದ್ದ. ಅದೆಲ್ಲ ನಿಜ. ಅದನ್ನು ಅವನ ಸಿನಿಮಾ ಬದುಕಿನ ಮೊದಲ ಹತ್ತು ವರ್ಷದ ಮುಖಕ್ಕೆ ಯಾಕೆ ಬಳಿಯಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

ಇನ್ನೊಂದು ಮಾತು. ಎತ್ತಿ ಎಸೆದ ಅಪ್ಪನನ್ನು ಮಗ ದೂರ ಇಟ್ಟಿರಬೇಕು ಅಂತ ನಾನು ಅಂದುಕೊಂಡಿದ್ದೆ. 1923ರ ‘ಅವರ್ ಹಾಸ್ಪಿಟಾಲಿಟಿ’ ನೋಡಿ. ಹಳೇ ಕಾಲದ ಪುಟ್ಟ ರೈಲು ಓಡಿಸುವ ಡ್ರೈವರ್ ಜೋ ಕೀಟನ್. ಕಥೆಯ ಆರಂಭದಲ್ಲಿ ಬರುವ ಕೂಸು ಬಸ್ಟರನ ಸ್ವಂತ ಮಗ, ನಾಯಕಿ ಅವನ ಹೆಂಡತಿ ನಟಾಲಿ. ತಾತ, ಅಪ್ಪ, ಮೊಮ್ಮಗ ಮೂರೂ ತಲೆಮಾರು ಒಂದೇ ಚಿತ್ರದಲ್ಲಿ.

ಅಮ್ಮನಿಗೆ ಈಗ ಅಚ್ಚುಮೆಚ್ಚು ‘ಒನ್ ವೀಕ್’. ತನ್ನದೇ ಸ್ಟುಡಿಯೋದಿಂದ ಕೀಟನ್ ಬಿಡುಗಡೆ ಮಾಡಿದ ಮೊದಲ ಚಿತ್ರ, 1920ರ ಸೆಪ್ಟೆಂಬರಿನದು. ಅದಕ್ಕೆ ಮೊದಲು ಒಂದನ್ನು ಮಾಡಿ, ಮನಸ್ಸಿಗೆ ಬಾರದೆ ಎತ್ತಿಟ್ಟಿದ್ದ. ಹೊಸದಾಗಿ ಮದುವೆಯಾದವರಿಗೆ ಉಡುಗೊರೆಯಾಗಿ ಬಿಡಿಬಿಡಿ ಭಾಗಗಳಲ್ಲಿ ಮನೆ ಬರುತ್ತದೆ, ಪೆಟ್ಟಿಗೆಗಳ ಮೇಲಿನ ನಂಬರಿನ ಪ್ರಕಾರ ಜೋಡಿಸಿಕೊಳ್ಳಬೇಕು. ಹೆಣ್ಣು ತಪ್ಪಿದ ಹೊಟ್ಟೆಕಿಚ್ಚಿಗೆ ಒಬ್ಬ ನಂಬರು ಬದಲಿಸಿಬಿಡುತ್ತಾನೆ. ಮನೆ ಎಲ್ಲೆಲ್ಲೋ ಸೊಟ್ಟಗೆ ನಿಲ್ಲುತ್ತದೆ. ಬಿರುಗಾಳಿಗೆ ಬುಗುರಿಯ ಹಾಗೆ ಸುತ್ತುತ್ತದೆ. ಆಮೇಲೆ ತಿಳಿಯುತ್ತದೆ, ಕಟ್ಟಿದ್ದು ಬೇರೆಯವರ ಸೈಟಿನಲ್ಲಿ! ಮನೆಯನ್ನೇ ಎಳೆದುಕೊಂಡು ಹೊರಟರೆ ಅದು ರೈಲು ಹಳಿಯ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ.

ರೈಲು ಬರುತ್ತದೆ. ಗಂಡ ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಳ್ಳುತ್ತಾರೆ, ಎಷ್ಟನೇ ಸಲ ನೋಡುತ್ತಿದ್ದರೂ. ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಅಬ್ಬಾ ಅನ್ನುವಷ್ಟರಲ್ಲಿ ಎದುರಿನಿಂದ ಇನ್ನೊಂದು ಬಂದು ಮನೆಯನ್ನು ಚಿಂದಿ ಮಾಡಿಬಿಡುತ್ತದೆ.

ಕೀಟನ್ ಒಂದು ಕ್ಷಣ ನೋಡುತ್ತಾನೆ. ‘ಮಾರಾಟಕ್ಕಿದೆ’ ಎನ್ನುವ ಬೋರ್ಡನ್ನು ಆ ರಾಶಿಗೆ ನೆಡುತ್ತಾನೆ. ಹೆಂಡತಿಯ ಕೈ ಹಿಡಿದು ಹೊರಡುವ ಮುನ್ನ, ಮನೆ ಜೋಡಿಸುವುದು ಹೇಗೆ ಎಂದು ಬರೆದ ಕಾಗದವನ್ನೂ ಅದಕ್ಕೆ ಸಿಕ್ಕಿಸುತ್ತಾನೆ.

‘ಆ ಚೀಟಿ ಸಿಗ್ಸೋದನ್ನ ಇನ್ನೊಂದ್ಸಲ ಹಾಕು’ ಅನ್ನುತ್ತಾರೆ ಅಮ್ಮ. ರಿಮೋಟು ಹಿಡಿದು ನಾನು ಹಿಂದಕ್ಕೆ ಓಡಿಸುತ್ತೇನೆ.