ಟೋಕಿಯೊ ಬಣ್ಣದ ಮಾಟುಂಗ

ಮುಂಬೈಯಲ್ಲಿ ಮಳೆಗಾಲ ಶುರುವಾದ ಸುದ್ದಿ ಹವಾಮಾನ ಇಲಾಖೆಗಿಂತ ಮೊದಲು ವಾಟ್ಸಾಪ್ ಗುಂಪಿಗೆ ಮುಟ್ಟುತ್ತದೆ. ಮುಲುಂಡ್, ಡೊಂಬಿವಲಿ, ಮೀರಾ ರೋಡ್, ಎಲ್ಲಿಯ ಕನ್ನಡ ಗುಂಪಾದರೂ ಸರಿ, ಯಾರದೋ ಮಗಳು ಮಾಡಿದ ರೀಲು ಬಂದೇ ಬರುತ್ತದೆ. ಮಾಟುಂಗ ಸ್ಟೇಷನ್, ನೇರಳೆ ಆಕಾಶ, ಕರೆಂಟು ತಂತಿಗಳ ಹಿಂದೆ ಬೆಟ್ಟದಂಥ ಬಿಳಿ ಮೋಡ. ಗುಲ್‌ಮೊಹರಿನ ಕೆಂಪನ್ನೂ ಬಿಟ್ಟಿಲ್ಲ, ತಿಳಿಗುಲಾಬಿ ಮಾಡಿ ಉದುರಿಸಲಾಗಿದೆ. ಕೆಳಗೆ ‘ತೊಂಬತ್ತರ ಅನಿಮೆ ವೈಬ್’ ಎಂಬ ಒಕ್ಕಣೆ; ಅನಿಮೆ ಎಂದರೆ ಜಪಾನಿನ ಕಾರ್ಟೂನು. ಹಿರಿಯರೆಲ್ಲ ಕೈಮುಗಿಯುವ ಇಮೋಜಿ ಹಾಕಿ ಧನ್ಯರಾಗುತ್ತಾರೆ.

ನೇರಳೆ ಬಣ್ಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹಳೆಯದರಂತೆ ಕಾಣಲೆಂದು ಅದರ ಮೇಲೆ ಎರಚಿದ ಕೊಳೆಯ ಬಗ್ಗೆ. ತೊಂಬತ್ತರ ದಶಕವನ್ನು ಕಣ್ಣಿಂದ ಕಾಣದ ಮಕ್ಕಳಿಗೆ ಅದರ ಹಂಬಲ ಯಾಕೆ ಎಂಬ ಗಹನ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ಕೊಳೆ ತೀರಲಿ.

ಆಗಿನ ಟಿವಿ ಅನಿಮೆಯನ್ನು ಪಾರದರ್ಶಕ ಸೆಲ್ ಹಾಳೆಯ ಹಿಂಬದಿಗೆ ಬಣ್ಣ ತುಂಬಿ, 16 ಮಿ.ಮೀ. ಫಿಲ್ಮಿನಲ್ಲಿ ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸುತ್ತಿದ್ದರು. ಸೆಕೆಂಡಿಗೆ 24 ಚೌಕಟ್ಟು. ಖರ್ಚು ಉಳಿಸಲು ಒಂದೇ ಚಿತ್ರವನ್ನು ಮೂರು ಚೌಕಟ್ಟು ಹಿಡಿಯುವುದು ವಾಡಿಕೆ, ಅಂದರೆ ಸೆಕೆಂಡಿಗೆ 8 ಚಿತ್ರ. ಚಿತ್ರ ನಿಂತರೂ ಫಿಲ್ಮಿನ ಕಾಳು, ಅಂದರೆ ಅದರ ಮೇಲೆ ಕಾಣುವ ಸಣ್ಣ ಚುಕ್ಕೆಗಳ ತರಿ (ಗ್ರೇನ್), ನಿಲ್ಲುವುದಿಲ್ಲ. ಅದು ಚೌಕಟ್ಟಿಗೊಮ್ಮೆ ಬದಲಾಗುತ್ತಲೇ ಇರುತ್ತದೆ. ಅಲುಗದ ಮುಖ ಕೂಡ ಉಸಿರಾಡಿದಂತೆ ಕಾಣುವುದು ಅದರಿಂದಲೇ. ನಮ್ಮ ರೀಲಿನವರು ಮೊದಲು ಕಾಳು ಉದುರಿಸಿ, ಆಮೇಲೆ ವಿಡಿಯೊವನ್ನು 8ಕ್ಕೆ ಇಳಿಸುತ್ತಾರೆ. ಕಾಳೂ ಚಿತ್ರದ ಜೊತೆ ಹೆಪ್ಪುಗಟ್ಟುತ್ತದೆ. ಕ್ರಮ ತಿರುಗಿಸಿದರೆ ಸಾಕು: ಕೆಳಗಿನ ಲೇಯರಿನಲ್ಲಿ 8, ಅದರ ಮೇಲೆ 24ರ ಕಾಳು. ಹೇಳಿದರೆ ‘ವೈಬ್ ಮುಖ್ಯ ಅಂಕಲ್’ ಎನ್ನುತ್ತವೆ ಮಕ್ಕಳು. ಹೊಸ ಹಿತ್ತಾಳೆ ಚೊಂಬಿಗೆ ಮಸಿ ಬಳಿದು ಅಜ್ಜಿಯ ಕಾಲದ್ದು ಎಂದು ಮಾರುವವನೂ ಇದನ್ನೇ ಹೇಳಿಯಾನು.

ಇನ್ನು ವಿಡಿಯೊ ಕ್ಯಾಸೆಟ್ಟಿನ ಮಸುಕು. ವಿಎಚ್‌ಎಸ್ ಟೇಪು ಬೆಳಕನ್ನು ಸುಮಾರು 240 ಗೆರೆಯ ಸೂಕ್ಷ್ಮತೆಯಲ್ಲಿ ಹಿಡಿದರೆ, ಬಣ್ಣವನ್ನು 40ರ ಆಸುಪಾಸಿನಲ್ಲಿ ಮುಗಿಸಿಬಿಡುತ್ತಿತ್ತು. ಹಾಗಾಗಿ ಚಿತ್ರದ ಅಂಚಿನ ಗೆರೆ ಇದ್ದಲ್ಲೇ ಇರುತ್ತದೆ, ಕೆಂಪು ಮಾತ್ರ ಅಕ್ಕಪಕ್ಕಕ್ಕೆ ಸೋರುತ್ತದೆ. ಸಿದ್ಧ ಫಿಲ್ಟರುಗಳು ಇಡೀ ಚಿತ್ರವನ್ನೇ ಎಲ್ಲ ದಿಕ್ಕಿಗೂ ಮಬ್ಬು ಮಾಡುತ್ತವೆ, ಕನ್ನಡಕ ಮರೆತವರಿಗೆ ಕಂಡ ಹಾಗೆ. ಸರಿಯಾಗಿ ಮಾಡಬೇಕೆಂದರೆ ಕ್ಲಿಪ್ಪನ್ನು ನಕಲು ಮಾಡಿ ಮೇಲಿಡಿ, ಬ್ಲೆಂಡ್ ಮೋಡನ್ನು (ಮೇಲಿನ ಪದರ ಕೆಳಗಿನದರೊಡನೆ ಬೆರೆಯುವ ಬಗೆ) ‘ಕಲರ್’ಗೆ ತಿರುಗಿಸಿ, ಆ ಮೇಲಿನದಕ್ಕೆ ಮಾತ್ರ ಅಡ್ಡಡ್ಡ ಮಬ್ಬು ಕೊಡಿ. 640 ಪಿಕ್ಸೆಲ್ ಅಗಲಕ್ಕೆ ಹತ್ತು ಪಿಕ್ಸೆಲಿನಷ್ಟು ಸಾಕು.

ಎಲ್ಲಕ್ಕಿಂತ ಉರಿಯುವುದು ಹಳೆಯ ಟೇಪಿನದೆಂದು ಈ ರೀಲುಗಳಲ್ಲಿ ಓಡಿಸುವ ಆ ನಡುಗುವ ಪಟ್ಟಿ. ವಿಸಿಆರ್‌ನ ತಿರುಗುವ ಡ್ರಮ್ಮಿನಲ್ಲಿ ಟೇಪನ್ನು ಓದುವ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವಾಗ ಚಿತ್ರದ ತೀರಾ ಕೆಳಗಿನ ಕೆಲವೇ ಗೆರೆಗಳು ಸೊಟ್ಟಗಾಗುತ್ತವೆ. ಟಿವಿಯ ಚೌಕಟ್ಟು ಅದನ್ನು ಬಹುತೇಕ ಮುಚ್ಚಿಯೇ ಬಿಡುತ್ತಿತ್ತು; ಟೇಪನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆಯೇ ಅದು ಎದ್ದು ಕಂಡದ್ದು. ಅದನ್ನೀಗ ಪರದೆಯ ನಟ್ಟನಡುವೆ, ಸರಿಯಾಗಿ ಇಡ್ಲಿ ತಟ್ಟೆಯ ಮೇಲೆ ಓಡಿಸುತ್ತಾರೆ!

ಮೋಡದ ಮಾತು ಬೇಗ ಮುಗಿಸುತ್ತೇನೆ. ಜುಲೈಯಲ್ಲಿ ಈ ಊರಿನ ಆಕಾಶ ಬರೀ ಬೂದಿಯ ಹೊದಿಕೆ. ಅನಿಮೆಯಂಥ ಗೋಪುರ ಮೋಡ ಬೇಕಿದ್ದರೆ ಅಕ್ಟೋಬರಿನ ಸೆಕೆಯಲ್ಲಿ ಸಂಜೆ ಘಟ್ಟದ ಕಡೆ ಮುಖ ಮಾಡಿ ನಿಲ್ಲಿ, ಪುಕ್ಕಟೆ ಸಿಕ್ಕೀತು.

ಹಂಬಲದ ಪ್ರಶ್ನೆಗೆ ಬರಬೇಕಿತ್ತು, ಆದರೆ ಈಗಷ್ಟೇ ರಾಜ್ಯೋತ್ಸವದ ಆಮಂತ್ರಣವೂ ಅದೇ ವೇಷದಲ್ಲಿ ಬಂದಿದೆ. ಹಳದಿ ಅಕ್ಷರ, ಕಪ್ಪು ಅಂಚು, ಹಳೆಯ ಸಬ್‌ಟೈಟಲಿನ ಗತ್ತು. ಅಕ್ಷರ ಜೋಡಣೆಯನ್ನು ಭಾರತೀಯ ಲಿಪಿಗೆ ಹೊಂದಿಸದೆ ಅಂಟಿಸಿದ್ದಾರೆ. ‘ರಾಜ್ಯೋತ್ಸವ’ದ ಒತ್ತುಗಳೆಲ್ಲ ಕಳಚಿ ಸಾಲಾಗಿ ನಿಂತಿವೆ, ಅವುಗಳ ಮೇಲೆ ಕಾಳು ಮಾತ್ರ ಧಾರಾಳ.