ಪಪ್ಪಾನ ನವಿಲು

ಮೊನ್ನೆ ಶನಿವಾರ ಮೊಮ್ಮಗಳ ಶಾಲೆಯ ‘ಆರ್ಟ್ ಎಕ್ಸಿಬಿಷನ್’ ನೋಡಿ ಬಂದವಳು ಎರಡು ದಿನ ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ. ಎಲ್‌ಕೆಜಿ ಕೋಣೆಯ ಗೋಡೆಯ ಮೇಲೆ ಮೂವತ್ತೆರಡು ನವಿಲುಗಳಿದ್ದವು. ಇಪ್ಪತ್ತಾರು ವರ್ಷ ಬಾಲವಾಡಿಯಲ್ಲಿ ಹಾಜರಿ ತೆಗೆದವಳಿಗೆ ಕಂಡದ್ದನ್ನೆಲ್ಲ ಎಣಿಸುವ ಚಟ ಇನ್ನೂ ಹೋಗಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಮೂವತ್ತೆರಡೂ ನವಿಲುಗಳು ಎಡಕ್ಕೇ ಮುಖ ಮಾಡಿದ್ದವು, ಎಲ್ಲಕ್ಕೂ ಒಂಬತ್ತೊಂಬತ್ತು ಗರಿ, ಪ್ರತಿ ಗರಿಯ ನಡುವೆ ಅಂಗಡಿಯಿಂದ ತಂದ ಹೊಳೆಯುವ ನೀಲಿ ಟಿಕಳಿ. ‘ನಿಂದು ಯಾವುದವ್ವಾ?’ ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಗೋಡೆಯುದ್ದಕ್ಕೂ ಕಣ್ಣಾಡಿಸಿ, ಕಿಟಕಿಯ ಪಕ್ಕದ ಒಂದನ್ನು ಬೆರಳಿಟ್ಟು ತೋರಿಸಿ, ‘ನಂದಲ್ಲ ಆಯಿ, ಅದು ಪಪ್ಪಾಂದು. ಚೊಲೋ ಮಾಡ್ಯಾನಲ್ಲಾ?’ ಎಂದಳು.

ಪಪ್ಪಾ ಎಂದರೆ ನನ್ನ ಮಗ, ಸಿವಿಲ್ ಎಂಜಿನಿಯರ್. ಗುರುವಾರ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಸ್ಕೇಲು, ಕಟ್ಟರ್, ಗ್ಲೂ ಗನ್ ಹರಡಿಕೊಂಡು ಹತ್ತೂವರೆಯವರೆಗೆ ಆ ನವಿಲನ್ನು ಕಟ್ಟಿದವನು ಅವನು. ನನ್ನ ಸೊಸೆ ಕೆಲಸದಿಂದ ಏಳಕ್ಕೆ ಬಂದವಳು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಮೂರು ಸ್ಟೇಷನರಿ ಅಂಗಡಿ ಅಲೆದು ಫೋಮ್ ಶೀಟ್ ತಂದಿದ್ದಳು, ಏಕೆಂದರೆ ಆ ಓಣಿಯ ಮೂವತ್ತೆರಡು ತಾಯಂದಿರೂ ಅದೇ ಸಂಜೆ ಅದೇ ನೀಲಿ ಬಣ್ಣವನ್ನು ಹುಡುಕುತ್ತಿದ್ದರು. ಕಲಾವಿದೆ ಒಂಬತ್ತಕ್ಕೇ ಮಲಗಿ ಗೊರಕೆ ಹೊಡೆಯುತ್ತಿದ್ದಳು.

ಇದು ಒಂದು ದಿನದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲೇ ಶಾಲೆಯವರು ಇಡೀ ವರ್ಷದ ಪ್ರಾಜೆಕ್ಟುಗಳ ಪಟ್ಟಿಯೊಂದನ್ನು ಬಣ್ಣದ ಮುದ್ರಣದಲ್ಲಿ ಮನೆಗೆ ಕಳಿಸಿದ್ದರು, ಅದು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗಲೂ ಅಂಟಿಕೊಂಡಿದೆ. ಮೊದಲನೆಯದು ಜೂನ್ 5ರ ಪರಿಸರ ದಿನಕ್ಕೆ ‘ಮರ ಉಳಿಸಿ’ ಮಾದರಿ, ಥರ್ಮಾಕೋಲ್‌ನಲ್ಲಿ ಮಾಡತಕ್ಕದ್ದು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲೂ ಇದೆಯೆಂದು ನಾನು ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿದೆ. ಮರುದಿನ ಅದರ ಕೆಳಗೆ ಒಂದು ನಗುಮುಖದ ಸ್ಟಿಕರ್ ಅಂಟಿ ಬಂತು. ಆಗಸ್ಟಿನಲ್ಲಿ ಫೋಮ್ ಶೀಟಿನ ಧ್ವಜ, ಅದರ ಅಶೋಕ ಚಕ್ರಕ್ಕೆ ಇಪ್ಪತ್ತನಾಲ್ಕು ಅರೆಗಳನ್ನು ಗೀಚಿದವನು ಮತ್ತೆ ನನ್ನ ಮಗನೇ. ಗಣೇಶನ ಹಬ್ಬಕ್ಕೆ ಪ್ರಿಂಟ್ ತೆಗೆದ ಗಣಪನ ಚಿತ್ರ, ಗೆರೆಯಾಚೆ ಬಣ್ಣ ಹೋಗಬಾರದು ಎಂಬ ಸೂಚನೆಯೊಂದಿಗೆ. ಉಳಿದವನ್ನು ಬಿಡಿ, ಡಿಸೆಂಬರಿನದನ್ನು ಕೊನೆಗೆ ಹೇಳುತ್ತೇನೆ.

ಅದೇ ಫ್ರಿಜ್ಜಿನ ಪಕ್ಕದಲ್ಲಿ, ಕರೆಂಟ್ ಬಿಲ್ಲಿನ ಬೆನ್ನ ಮೇಲೆ, ಈ ಹುಡುಗಿ ತನ್ನ ಪಾಡಿಗೆ ತಾನು ಬರೆದ ಒಂದು ಚಿತ್ರವಿದೆ. ಒಂದು ದೊಡ್ಡ ಸುತ್ತು, ಅದರಿಂದ ನೇರವಾಗಿ ಇಳಿದ ಎರಡು ಉದ್ದ ಕಾಲು, ಕಿವಿ ಇರಬೇಕಾದಲ್ಲಿಂದ ಹೊರಟ ಎರಡು ಕೈ. ಹೊಟ್ಟೆಯಿಲ್ಲ, ಕುತ್ತಿಗೆಯಿಲ್ಲ. ಮೂಗಿನ ಎರಡೂ ಬದಿಗೆ ಒಂದೊಂದು ಚುಕ್ಕೆ ಬಹಳ ಒತ್ತಿ ಬರೆದದ್ದು, ಕಾಗದ ತೂತಾಗಿದೆ. ‘ಇದು ಆಯಿ’ ಎಂದಳು. ಆ ಚುಕ್ಕೆಗಳು ನನ್ನ ಮೂಗುಬೊಟ್ಟುಗಳು. ನಾಲ್ಕರ ಆಸುಪಾಸಿನ ಮಕ್ಕಳು ಮನುಷ್ಯನನ್ನು ಬರೆಯುವುದು ಸಾಮಾನ್ಯವಾಗಿ ಹೀಗೆಯೇ, ತಲೆಗೇ ಕಾಲು ಹಚ್ಚಿ. ಬಲ್ಲವರು ಇದನ್ನು ಗೊದಮೊಟ್ಟೆ ಮನುಷ್ಯ ಎಂದೇ ಕರೆಯುತ್ತಾರೆ, ಮತ್ತು ಧಾರವಾಡದ ಮಗುವೂ ಜರ್ಮನಿಯ ಮಗುವೂ ಯಾರೂ ಹೇಳಿಕೊಡದೆ ಅದೇ ಗೊದಮೊಟ್ಟೆಯನ್ನು ಬರೆಯುತ್ತವೆ. ನಾನು ಆ ಎರಡು ಚುಕ್ಕೆಗಳನ್ನು ನೋಡಿ, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಅತ್ತೆ. ಪ್ರದರ್ಶನಕ್ಕೆ ಇದನ್ನು ಕಳಿಸೋಣವೇ ಎಂದು ಕೇಳಿದ್ದಕ್ಕೆ, ಪಟ್ಟಿಯಲ್ಲಿ ಇಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು.

ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಇಟ್ಟ ಫ್ರೋಬೆಲ್ ಎಂಬ ಜರ್ಮನ್ ಮೇಷ್ಟ್ರು ಅದರ ಹಿಂದಿನ ಮೂರು ವರ್ಷಗಳಿಂದ ಮಕ್ಕಳಿಗಾಗಿ ಆಟದ ಸಾಮಾನುಗಳನ್ನು ಹೊಂದಿಸುತ್ತಿದ್ದ. ಅವನು ಹೇಳಿದ ಕೈಕೆಲಸಗಳೆಂದರೆ ಕಾಗದ ಮಡಿಚುವುದು, ಕಾಗದದ ಪಟ್ಟಿಗಳನ್ನು ಹೆಣೆಯುವುದು, ತೂತು ಮಾಡಿದ ದಪ್ಪ ಹಾಳೆಯಲ್ಲಿ ದಾರ ಹಾಯಿಸುವುದು, ಮಣ್ಣು ಮಿದ್ದುವುದು. ಒಂದೂ ಅಪ್ಪನ ಗ್ಲೂ ಗನ್ನನ್ನು ಬೇಡುವಂಥದ್ದಲ್ಲ. ಬಣ್ಣ ತುಂಬುವ ಪುಸ್ತಕಗಳಿಂದ ಮಗು ತನ್ನ ಗೆರೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ ಎಂದು ಲೋವನ್‌ಫೆಲ್ಡ್ ಎಂಬ ಕಲಾಶಿಕ್ಷಕ ಕಳೆದ ಶತಮಾನದ ನಡುವಿನಲ್ಲೇ ಬರೆದಿಟ್ಟ. ಅಷ್ಟು ದೂರವೇಕೆ, ನಮ್ಮದೇ ದೇಶದಲ್ಲಿ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟ, ಆಟಿಕೆ, ಸುತ್ತಮುತ್ತ ಸಿಗುವ ಸಾಮಗ್ರಿಗಳ ಮೂಲಕವೇ ಕಲಿಸಬೇಕೆನ್ನುತ್ತದೆ. ನೀಲಿ ಫೋಮ್ ಶೀಟೂ ಸುತ್ತಮುತ್ತ ಸಿಗುತ್ತದೆ ಎಂದು ನೀವು ವಾದಿಸಬಹುದು. ಗುರುವಾರ ಸಂಜೆ ಅದೂ ಸಿಗಲಿಲ್ಲ.

ಇನ್ನೊಂದು ಮಾತು. ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಎಲುಬುಗಳಲ್ಲಿ ನಾಲ್ಕು ವರ್ಷದ ಮಗುವಿಗೆ ಸುಮಾರು ಅರ್ಧ ಮಾತ್ರ ಎಲುಬಾಗಿರುತ್ತವೆ, ಉಳಿದವು ಇನ್ನೂ ಮೆದು ಎಲುಬಿನ ಸ್ಥಿತಿಯಲ್ಲಿರುತ್ತವೆ. ಅಂಥ ಕೈಗೆ ಕತ್ತರಿ ಕೊಟ್ಟು ಒಂಬತ್ತು ಗರಿಗಳನ್ನು ಗೆರೆಯ ಮೇಲೆಯೇ ಕತ್ತರಿಸು ಎಂದರೆ ಅದು ಆಗದ ಮಾತು, ಆದ್ದರಿಂದಲೇ ಅಪ್ಪ ಬರುತ್ತಾನೆ. ಅದೇ ಕೈಗೆ ಒಂದು ಮುದ್ದೆ ಮಣ್ಣು ಕೊಡಿ.

ನಮ್ಮ ಸೀಮೆಯಲ್ಲಿ ಶಾಲೆ ತೆರೆಯುವುದಕ್ಕೂ ಮಣ್ಣಿನ ಹಬ್ಬಗಳು ಬರುವುದಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ನಾನು ಬಾಲವಾಡಿಯಲ್ಲಿದ್ದಷ್ಟು ದಿನ ಬೇರೆ ಪಟ್ಟಿಯ ಗೊಡವೆಗೇ ಹೋಗಲಿಲ್ಲ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಎರೆಮಣ್ಣನ್ನು ಹಿಂದಿನ ದಿನವೇ ನೆನೆಹಾಕಿ, ಹರಳು ಆರಿಸಿ, ಒಣಗುವಾಗ ಬಿರಿಯದಿರಲೆಂದು ಒಂದು ಚೂರು ಅರಳೆ ಬೆರೆಸಿ, ನಮ್ಮ ಆಯಾ ರೊಟ್ಟಿ ಹಿಟ್ಟಿನಂತೆ ನಾದಿ ಕೊಡುತ್ತಿದ್ದಳು. ಮಕ್ಕಳು ಅದನ್ನು ಮೊದಲು ಸುಮ್ಮನೆ ಬಡಿಯುತ್ತಿದ್ದವು, ಆಮೇಲೆ ಹೊಸೆಯುತ್ತಿದ್ದವು, ಆಮೇಲೆ ಚಿವುಟಿ ಎಳೆದು ಕಾಲು, ಕೋಡು, ಡುಬ್ಬ ತೆಗೆಯುತ್ತಿದ್ದವು, ಜೋಳದ ಕಾಳು ಒತ್ತಿದರೆ ಕಣ್ಣು. ಯಾವ ಎತ್ತೂ ಇನ್ನೊಂದರ ಹಾಗೆ ಇರುತ್ತಿರಲಿಲ್ಲ. (ಹಬ್ಬದ ಹೆಸರು ಹೇಳಿದ ತಕ್ಷಣ ಬೇರೆ ಧರ್ಮದ ಮಕ್ಕಳ ಗತಿಯೇನು ಎಂದು ಕೇಳಲು ಸಿದ್ಧರಾದವರಿಗೆ: ಮಸೀದಿ ಓಣಿಯಿಂದ ಬರುತ್ತಿದ್ದ ಅಣ್ಣ-ತಂಗಿಯರ ಎತ್ತುಗಳೇ ಎಲ್ಲಕ್ಕಿಂತ ದೊಡ್ಡವು, ಅವರ ಅಪ್ಪನಿಗೆ ಚಕ್ಕಡಿ ಇತ್ತು.) ಚಳಿಗಾಲಕ್ಕೆ ಬೆಂಡೆಕಾಯಿ ಕೊಯ್ದು ಅಚ್ಚು, ಎಲೆ ಉದುರುವ ಹೊತ್ತಿಗೆ ಅರಳಿ ಎಲೆಯನ್ನು ಹಾಳೆಯ ಕೆಳಗಿಟ್ಟು ಬಣ್ಣದ ಕಡ್ಡಿಯನ್ನು ಅಡ್ಡಲಾಗಿ ತಿಕ್ಕಿ ನರಗಳನ್ನು ಮೇಲೆಬ್ಬಿಸುವುದು, ಇಷ್ಟರಲ್ಲಿ ವರ್ಷವೇ ಮುಗಿಯುತ್ತಿತ್ತು.

ನನ್ನ ಮಗ ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದಾನೆ. ‘ಅವ್ವಾ, ಎಲ್ಲಾರ ಮನ್ಯಾಗೂ ಮಾಡಿ ಕೊಡತಾರ. ನಮ್ಮ ಕೂಸಿಂದೊಂದ ಸೊಟ್ಟ ಇದ್ರ ಅಕೀಗೆ ಬ್ಯಾಸರ ಆಗಂಗಿಲ್ಲೇನು?’ ಶಾಲೆಯ ಮಿಸ್ ಕೂಡ ಕೆಟ್ಟವಳಲ್ಲ. ಮೂವತ್ತೆರಡು ಮಕ್ಕಳಿಗೆ ಅವಳೊಬ್ಬಳು, ಸಂಬಳ ಎಷ್ಟೆಂದು ಕೇಳಿದರೆ ನಿಮಗೂ ನಾಚಿಕೆಯಾಗುತ್ತದೆ, ಅಡ್ಮಿಷನ್ನಿಗೆ ಬರುವ ತಂದೆತಾಯಿಗಳು ಮೊದಲು ನೋಡುವುದು ಗೋಡೆಯನ್ನು. ಇದನ್ನೆಲ್ಲ ನಾನು ಬಲ್ಲೆ. ಆದರೂ ಕೇಳುತ್ತೇನೆ: ಗೋಡೆ ಚೆಂದ ಕಾಣಬೇಕಾದರೆ ಸುಣ್ಣ-ಬಣ್ಣ ಹಚ್ಚುವವರನ್ನು ಕರೆಯಬಹುದಲ್ಲ, ನಾಲ್ಕು ವರ್ಷದ ಮಗುವಿನ ಹೆಸರನ್ನು ಅದರ ಕೆಳಗೆ ಏಕೆ ಬರೆಯಬೇಕು? ಸೊಟ್ಟವೆಂದು ಬೇಸರಪಡುವುದು ಆ ವಯಸ್ಸಿನ ಮಕ್ಕಳಿಗೆ ಹುಟ್ಟಿನಿಂದ ಬಂದದ್ದಲ್ಲ, ಪಕ್ಕದಲ್ಲಿ ಎಂಜಿನಿಯರನ ನವಿಲನ್ನು ತೂಗುಹಾಕಿದ ಮೇಲೆ ಬಂದದ್ದು.

ಇಷ್ಟು ಜೋರಾಗಿ ಬರೆಯುತ್ತಿರುವವಳ ಕೈ ಎಷ್ಟು ಸ್ವಚ್ಛ ಎಂದು ಹಳೆಯ ಸಹೋದ್ಯೋಗಿಗಳು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಒಂದು ವರ್ಷ ಮೇಲಿನವರು ಬಾಲವಾಡಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಮಕ್ಕಳು ಮಾಡಿಟ್ಟ ಎತ್ತುಗಳನ್ನು ಸಂಜೆ ನಾನು ಒಬ್ಬಳೇ ಕುಳಿತು, ಒದ್ದೆ ಕೈಯಲ್ಲಿ, ಒಂದೊಂದಾಗಿ ತಿದ್ದಿದೆ. ಕೋಡು ಸಮ ಮಾಡಿದೆ, ಮೂರೇ ಕಾಲಿದ್ದ ಒಂದಕ್ಕೆ ನಾಲ್ಕನೆಯ ಕಾಲು ಹಚ್ಚಿದೆ. ಬಂದವರು ಹೊಗಳಿ ಹೋದರು. ಮಧ್ಯಾಹ್ನ ಒಬ್ಬ ಹುಡುಗ ಸಾಲಿನ ಮುಂದೆ ಬಹಳ ಹೊತ್ತು ನಿಂತು ಹುಡುಕಿದ, ನಾನು ಅವನ ಎತ್ತನ್ನು ಎತ್ತಿ ಕೈಗೆ ಕೊಟ್ಟೆ. ಅವನು ಅದನ್ನು ತಿರುವಿ ನೋಡಿ, ‘ಇದು ನಮ್ಮ ಎತ್ತಲ್ರೀ ಬಾಯಾರ. ನಮ್ಮ ಎತ್ತು ಕುಂತಿತ್ತು’ ಎಂದು ವಾಪಸು ಇಟ್ಟು ಹೋದ. ಕುಂತ ಎತ್ತಿನ ಒಂದು ಕಾಲು ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತದೆ, ಹೊರಗೆ ಕಾಣುವುದು ಮೂರೇ. ದಿನವೂ ಎತ್ತಿನ ಪಕ್ಕದಲ್ಲಿ ಮಲಗುವ ಹುಡುಗನಿಗೆ ಅದು ಗೊತ್ತಿತ್ತು, ಟಿಸಿಎಚ್ ಮಾಡಿದ ನನಗೆ ಗೊತ್ತಿರಲಿಲ್ಲ. ಅವನು ಆ ವರ್ಷ ಮತ್ತೆ ಮಣ್ಣು ಮುಟ್ಟಲಿಲ್ಲ.

ಈಗ ಡಿಸೆಂಬರಿನ ಪ್ರಾಜೆಕ್ಟು. ನಿನ್ನೆ ಡೈರಿಯಲ್ಲಿ ಬಂದಿದೆ: ‘ನಮ್ಮ ಚಳಿಗಾಲ’ ಎಂಬ ವಿಷಯದ ಮೇಲೆ ಹತ್ತಿಯಿಂದ ಮಾಡಿದ ಸ್ನೋ ಮ್ಯಾನ್, ಹನ್ನೆರಡು ಇಂಚು, ಕೆಂಪು ಮಫ್ಲರ್ ಕಡ್ಡಾಯ. ಧಾರವಾಡದಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಫೋಟೋ ಕಳಿಸಿ. ನಾನು ಹತ್ತಿಯ ಜೊತೆಗೆ ಒಂದು ಬುಟ್ಟಿ ಎರೆಮಣ್ಣನ್ನೂ ತರಿಸಿ ಹಿತ್ತಲಲ್ಲಿ ನೆನೆಹಾಕಿದ್ದೇನೆ, ಮೊಮ್ಮಗಳು ಬೆಳಗಿನಿಂದ ಅದರಲ್ಲಿ ಕೈಯಾಡಿಸುತ್ತಿದ್ದಾಳೆ, ಸೊಸೆಗೆ ಅವಳ ಫ್ರಾಕನ್ನು ಇನ್ನೂ ತೋರಿಸಿಲ್ಲ. ಗ್ಲೂ ಗನ್ ನನ್ನ ಟ್ರಂಕಿನಲ್ಲಿದೆ, ಕೀಲಿಕೈ ನನ್ನ ಸೊಂಟದಲ್ಲಿದೆ. ಎರಡು ದಿನಗಳಿಂದ ಮನೆಯೆಲ್ಲ ಹುಡುಕುತ್ತಿರುವ ನನ್ನ ಮಗ ಇದನ್ನು ಓದಿದ ಮೇಲಾದರೂ ಹುಡುಕುವುದನ್ನು ನಿಲ್ಲಿಸಿಯಾನು.